ರಬಕವಿ ಸೀಮೆಯ ಇರುಳ ದಾರಿಯೂ ಬೈಸಿಕಲ್ಲಿನ ದೀಪವೂ

ಇರುಳಿನಲ್ಲಿ ಸಂಚರಿಸುವವನ ದೀಪಕ್ಕೆ ಎರಡು ಪ್ರಯೋಜನಗಳುಂಟು. ದಾರಿಯನ್ನು ಅವನಿಗೆ ಕಾಣಿಸುವುದು ಒಂದು. ಅವನನ್ನು ದಾರಿಯಲ್ಲಿರುವ ಇತರರಿಗೆ ಕಾಣಿಸುವುದು ಮತ್ತೊಂದು. ಲೋಕರೂಢಿಯಲ್ಲಿ ಇವೆರಡೂ ಒಂದೇ ಎಂಬ ಭಾವನೆಯಿರುವುದಾದರೂ, ಬೈಸಿಕಲ್ಲಿನ ದೀಪದ ಇತಿಹಾಸವನ್ನು ಪರಿಶೀಲಿಸಿದಲ್ಲಿ ಶಾಸನಗಳೂ ವಿವಾದಗಳೂ ಎರಡನೆಯ ಪ್ರಯೋಜನವನ್ನು ಸುತ್ತಿಕೊಂಡೇ ಬೆಳೆದಿರುವುದು ವ್ಯಕ್ತವಾಗುತ್ತದೆ. ಕಾಣಿಸಿಕೊಳ್ಳುವ ಭಾರವು ಯಾರದು? ಮುಂದೆ ಹೋಗುವವನದೋ, ಹಿಂದಿನಿಂದ ಬರುವವನದೋ? ಈ ಪ್ರಶ್ನೆಯು ನೂರು ವರ್ಷಗಳಿಗೂ ಹಿಂದಿನದು, ಇಂದಿಗೂ ಪ್ರಾಣಸಂಬಂಧಿಯಾದುದು.

ರಬಕವಿಯ ಸೀಮೆಯು ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿದೆ. 1948ರಲ್ಲಿ ದೇಶೀ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ರಬಕವಿಯೂ ತೇರದಾಳವೂ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದುವು. ರಬಕವಿಗೆ ಹೊಂದಿಕೊಂಡಿರುವ ಬನಹಟ್ಟಿಯು ಜಮಖಂಡಿ ಸಂಸ್ಥಾನದ್ದು. ಅತ್ತ ಮಹಾಲಿಂಗಪುರವು ಮುಧೋಳದ ಘೋರ್ಪಡೆಯವರದು. ಸೈಕಲ್ಲಿನ ಮೇಲೆ ಒಂದೆರಡು ತಾಸು ತಿರುಗಿ ಬಂದರೆ ಮೂರು ಅರಸೊತ್ತಿಗೆಗಳ ನೆಲವನ್ನು ತುಳಿದಂತಾಗುತ್ತಿತ್ತು. ಒಂದು ಸಂಸ್ಥಾನದ ದೀಪದ ಕಟ್ಟಳೆಯು ಮತ್ತೊಂದರ ಎಲ್ಲೆಯೊಳಗೆ ನಡೆಯತಕ್ಕುದಲ್ಲ. ಕತ್ತಲೆಯಾದರೋ ಎಲ್ಲೆಯನ್ನು ಅರಿಯದು. ಇಂದು ರಬಕವಿ-ಬನಹಟ್ಟಿಗಳು ಒಂದೇ ನಗರಸಭೆಯ ಆಡಳಿತಕ್ಕೊಳಪಟ್ಟಿವೆ.

ಬೈಸಿಕಲ್ಲು ಬರುವುದಕ್ಕೆ ಮುಂಚೆ ಈ ದಾರಿಗಳಲ್ಲಿ ಇರುಳ ಸಂಚಾರವು ಮುಖ್ಯವಾಗಿ ಚಕ್ಕಡಿಯದಾಗಿತ್ತು. ಸಂತೆಗೆ ಹೊರಟ ಚಕ್ಕಡಿಯ ಅಚ್ಚಿನ ಬಳಿ, ಮರದ ಚೌಕಟ್ಟಿನ ಕೆಳಗೆ, ಒಂದು ಕಂದೀಲನ್ನು ತೂಗಬಿಡುವ ಪದ್ಧತಿಯು ಉತ್ತರ ಕರ್ಣಾಟಕದಲ್ಲೆಲ್ಲ ಬಳಕೆಯಲ್ಲಿತ್ತು. ಆ ಕಂದೀಲು ಎತ್ತುಗಳಿಗೆ ದಾರಿ ತೋರಿಸುತ್ತಿರಲಿಲ್ಲ. ಎತ್ತುಗಳಿಗೆ ಅದರ ಅಗತ್ಯವೂ ಇರಲಿಲ್ಲ. ಬಂಡಿಕಾರನು ಅನೇಕವೇಳೆ ನಿದ್ರಿಸುತ್ತಲೇ ಇರುತ್ತಿದ್ದುದರಿಂದ ಅವನಿಗೂ ಅದು ಬೇಡ. ಎದುರಿನವನಿಗೂ ಹಿಂದಿನವನಿಗೂ ಇಲ್ಲೊಂದು ಬಂಡಿಯಿದೆಯೆಂದು ತಿಳಿಸುವುದೇ ಅದರ ಕೆಲಸ. ನಾಲ್ಕು ದಿಕ್ಕಿಗೂ ಬೆಳಕು ಚೆಲ್ಲುವ ಈ ದೀಪವು, ಮುಂದಕ್ಕೆ ಮಾತ್ರ ಮುಖಮಾಡಿದ ಬೈಸಿಕಲ್ಲಿನ ದೀಪಕ್ಕಿಂತ ಈ ಒಂದು ವಿಷಯದಲ್ಲಿ ವಿವೇಕವುಳ್ಳದ್ದೆಂದೇ ಹೇಳಬೇಕು.

ಪ್ರಸಂಗವಶಾತ್ ಒಂದು ಮಾತು. ಕಂದೀಲು ಎಂಬುದು ಅರಬ್ಬೀ ಭಾಷೆಯ ‘ಕಿಂದೀಲ್’. ಅದರ ಮೂಲವು ಲ್ಯಾಟಿನ್ನಿನ ‘ಕಾಂದೇಲಾ’. ಇಂಗ್ಲಿಷಿನ ‘ಕ್ಯಾಂಡಲ್’ ಅದರ ಸೋದರ. ದೀವಟಿಗೆಯು ಸಂಸ್ಕೃತದ ‘ದೀಪವರ್ತಿಕಾ’ ಎಂಬುದರ ತದ್ಭವ. ಕೈಯಲ್ಲಿ ಹಿಡಿಯುವ ವಿದ್ಯುದ್ದೀಪಕ್ಕೆ ಈ ಭಾಗದ ಜನರು ‘ಬ್ಯಾಟರಿ’ ಎನ್ನುವರು. ಶಕ್ತಿಯ ಕೋಶದ ಹೆಸರು ಇಡೀ ದೀಪಕ್ಕೆ ಬಂದಿದೆ. ‘ಸೈಕಲ್’ ಎಂಬುದರ ಮೂಲವಾದ ಗ್ರೀಕ್ ಶಬ್ದಕ್ಕೂ ಸಂಸ್ಕೃತದ ‘ಚಕ್ರ’ಕ್ಕೂ ಧಾತು ಒಂದೇ ಎಂಬುದು ಭಾಷಾಶಾಸ್ತ್ರಜ್ಞರಿಗೆ ವಿದಿತವೇ ಆಗಿದೆ.

ಈ ಸೀಮೆಗೆ ಸಮೀಪದ ಬೆಳಗಾವಿಯಲ್ಲಿ 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಅವರ ಅಣ್ಣಂದಿರಾದ ರಾಮಣ್ಣನವರೂ ಆರಂಭಿಸಿದ ಬೈಸಿಕಲ್ ಅಂಗಡಿಯು ಪ್ರಸಿದ್ಧವಾದುದು. ಮುಂದೆ ನೇಗಿಲು ಮೊದಲಾದ ಯಂತ್ರಗಳ ದೊಡ್ಡ ಉದ್ಯಮವು ಹುಟ್ಟಿದ್ದು ಅದರಿಂದಲೇ. ಆ ವರ್ಷವೇ ಬೈಸಿಕಲ್ಲಿನ ಇತಿಹಾಸದಲ್ಲಿ ಮಹತ್ತ್ವದ್ದು. ಡನ್ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ರಬ್ಬರಿನ ಟಾಯರಿಗೆ ಹಕ್ಕುಪತ್ರವನ್ನು ಪಡೆದದ್ದು 1888ರಲ್ಲಿ. ಇಂಗ್ಲೆಂಡಿನ ಪಾರ್ಲಿಮೆಂಟು ಬೈಸಿಕಲ್ಲನ್ನು ಬಂಡಿಗಳ ವರ್ಗಕ್ಕೆ ಸೇರಿಸಿ ಅದಕ್ಕೆ ದೀಪವನ್ನು ಕಡ್ಡಾಯಮಾಡಿದ್ದೂ 1888ರಲ್ಲಿಯೇ. ಆ ಶಾಸನದ ಪ್ರಕಾರ ಸೂರ್ಯಾಸ್ತವಾದ ಒಂದು ತಾಸಿನಿಂದ ಸೂರ್ಯೋದಯಕ್ಕೆ ಒಂದು ತಾಸು ಮುಂಚಿನವರೆಗೆ ದೀಪವು ಉರಿಯುತ್ತಿರಬೇಕು. ಇಲ್ಲಿ ಲಕ್ಷಿಸತಕ್ಕ ಅಂಶವೊಂದುಂಟು. ಸವಾರನಿಗೆ ದಾರಿ ಕಾಣಲೆಂದು ಅಲ್ಲ, ಬೈಸಿಕಲ್ಲು ಬರುತ್ತಿದೆಯೆಂಬ ಸೂಚನೆಯು ಇತರರಿಗೆ ದೊರೆಯಲೆಂದು ಶಾಸನಕಾರರು ದೀಪವನ್ನು ವಿಧಿಸಿದರು. ಆದರೆ ಸೂಚನೆಯನ್ನು ಅವರು ಎದುರಿನವರಿಗೆ ಮಾತ್ರ ಕೊಡಿಸಿದರು. ಬೆನ್ನ ಹಿಂದಿನ ಮಾತು ಅಲ್ಲಿ ಬರಲಿಲ್ಲ.

ದೀಪಗಳ ಬೆಳವಣಿಗೆಯೂ ಗಮನಾರ್ಹವಾಗಿದೆ. ಎತ್ತರದ ಮುಂಗಾಲಿಯ ಹಳೆಯ ಬೈಸಿಕಲ್ಲುಗಳಲ್ಲಿ ಎಣ್ಣೆಯ ದೀಪವನ್ನು ಚಕ್ರದೊಳಗೆ, ಅಚ್ಚಿಗೇ ತೂಗುಹಾಕುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಸನು 1880ರ ಸುಮಾರಿಗೆ ಇಂತಹ ದೀಪಗಳಿಂದಲೇ ಹೆಸರುಗಳಿಸಿದನು. ಬಳಿಕ 1892ರಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ವಿದ್ಯುತ್ಕುಲುಮೆಯಲ್ಲಿ ಸಿದ್ಧಪಡಿಸುವ ಕ್ರಮವು ತಿಳಿದುಬಂದು, ಆ ದಶಕ ಮುಗಿಯುವುದರೊಳಗಾಗಿ ಗ್ಯಾಸಿನ ದೀಪವು ಬೈಸಿಕಲ್ಲನ್ನೇರಿತು. ಇದರ ರಚನೆಯು ಸರಳವಾದುದು. ಮೇಲಿನ ಅರೆಯಲ್ಲಿ ನೀರು, ಕೆಳಗಿನ ಅರೆಯಲ್ಲಿ ಕಾರ್ಬೈಡಿನ ಹರಳು. ತಿರುಪನ್ನು ಸಡಿಲಿಸಿದರೆ ನೀರು ತೊಟ್ಟಿಕ್ಕಿ, ಅಸಿಟಿಲೀನ್ ಎಂಬ ಅನಿಲವು ಹುಟ್ಟಿ, ಕೊಳವಿಯ ಬಾಯಲ್ಲಿ ಬೆಳ್ಳನೆ ಉರಿಯುವುದು. ಎಣ್ಣೆಯ ಮಂಕು ಜ್ವಾಲೆಯನ್ನು ಕಂಡಿದ್ದವರಿಗೆ ಅದು ಹಗಲಿನಂತೆ ತೋರಿದ್ದರೆ ಆಶ್ಚರ್ಯವಿಲ್ಲ. ದೋಷಗಳೂ ಇದ್ದುವು: ದುರ್ವಾಸನೆಯುಂಟು, ನೀರನ್ನು ನಿಲ್ಲಿಸಿದರೂ ಒಳಗೆ ತೇವವಿರುವವರೆಗೆ ಅನಿಲವು ಹುಟ್ಟುತ್ತಲೇ ಇರುವುದು, ಉರಿದ ಮೇಲೆ ಉಳಿಯುವ ಸುಣ್ಣವನ್ನು ಪ್ರತಿಸಲವೂ ಕೆರೆದು ತೆಗೆಯಬೇಕು. ಇಂದು ಕಾರ್ಬೈಡೆಂದರೆ ಮಾವು ಬಾಳೆಗಳನ್ನು ಹಣ್ಣುಮಾಡುವ ನಿಷಿದ್ಧ ಪದಾರ್ಥವೆಂದಷ್ಟೇ ಜನರು ಬಲ್ಲರು.

ಗ್ಯಾಸಿನ ದೀಪವನ್ನು ಸ್ಥಾನಭ್ರಷ್ಟಮಾಡಿದುದು ಡೈನಮೊ. ಟಾಯರಿನ ಮಗ್ಗುಲಿಗೆ ಒತ್ತಿದ ಸಣ್ಣ ಗಾಲಿಯು ತಿರುಗಿ ಆರು ವೋಲ್ಟುಗಳ ವಿದ್ಯುತ್ತನ್ನು ಹುಟ್ಟಿಸುವುದು. ಇದಕ್ಕೆ ಎಣ್ಣೆಯ ಖರ್ಚಿಲ್ಲ, ಸುಣ್ಣದ ಕೊಳೆಯಿಲ್ಲ. ಸವಾರನ ಕಾಲಿನ ಬಲವೇ ಮೂಲಧನ. ಎರಡನೆಯ ಮಹಾಯುದ್ಧದ ಅನಂತರ ಕನ್ನಡನಾಡಿನಲ್ಲಿ ದೀಪದ ಸೈಕಲ್ಲೆಂದರೆ ಡೈನಮೊ ಸೈಕಲ್ಲೆಂಬಷ್ಟು ಇದು ಹಬ್ಬಿತು. ಆದರೆ ಇದರ ಗುಣದಲ್ಲಿಯೇ ದೋಷವೂ ಅಡಗಿದೆ. ಸವಾರನು ನಿಂತಲ್ಲಿ ದೀಪವೂ ಆರುವುದು. ಏರಿನಲ್ಲಿ ನಿಧಾನವಾದಲ್ಲಿ ದೀಪವೂ ಮಂಕಾಗುವುದು. ಸವಾರನು ಅತ್ಯಂತ ಅಪಾಯದಲ್ಲಿರುವ ಕ್ಷಣದಲ್ಲಿಯೇ ಅವನು ಅದೃಶ್ಯನಾಗುವನೆಂದಾಯಿತು.

ಇನ್ನು ಹಿಂದಿನ ದೀಪದ ವಿವಾದ. ಮೋಟಾರುಗಳು ಹೆಚ್ಚಿದಂತೆಲ್ಲ ಬೈಸಿಕಲ್ಲಿನ ಹಿಂಬದಿಗೂ ಕೆಂಪು ದೀಪವಿರಬೇಕೆಂಬ ಒತ್ತಾಯವು ಇಂಗ್ಲೆಂಡಿನಲ್ಲಿ ಬೆಳೆಯಿತು. ಇದನ್ನು ಬಲವಾಗಿ ವಿರೋಧಿಸಿದವರು ಸವಾರರೇ! 1878ರಲ್ಲಿ ಸ್ಥಾಪಿತವಾದ ಸವಾರರ ಪ್ರವಾಸಸಂಘದ ವಾದವೇನೆಂದರೆ: ಹಿಂದಿನಿಂದ ಬರುವವನು ತನ್ನ ದೀಪದ ಬೆಳಕು ಮುಟ್ಟುವಷ್ಟು ದೂರದಲ್ಲಿ ನಿಲ್ಲಬಲ್ಲ ವೇಗದಿಂದಲೇ ಬರತಕ್ಕದ್ದು; ಅವನ ಕರ್ತವ್ಯವನ್ನು ಮುಂದಿನವನ ಬೆನ್ನಿಗೆ ಕಟ್ಟುವುದು ಅನ್ಯಾಯ; ಕೆಂಪು ದೀಪವು ಕಡ್ಡಾಯವಾದರೆ ಅದು ಸವಾರನಿಗರಿಯದಂತೆ ಆರಿದಾಗ ತಪ್ಪು ಸತ್ತವನದೇ ಆದೀತು. ನ್ಯಾಯದೃಷ್ಟಿಯಿಂದ ಈ ವಾದಕ್ಕೆ ತೂಕವಿದ್ದಿತೆಂದು ಒಪ್ಪಲೇಬೇಕು. ನಡೆದಾಡುವವನಿಗೆ ಹಿಂದಿನ ದೀಪವಿರುವುದಿಲ್ಲವಷ್ಟೆ. ಆದರೂ ನ್ಯಾಯವು ಸವಾರನ ಪಕ್ಷದಲ್ಲಿದ್ದ ಮಾತ್ರಕ್ಕೆ ಅವನ ಜೀವವು ಉಳಿಯುವಂತಿರಲಿಲ್ಲ. 1927ರ ಶಾಸನವು ಕೆಂಪು ದೀಪ ಅಥವಾ ಪ್ರತಿಫಲಕ, ಎರಡರಲ್ಲೊಂದು ಸಾಕೆಂದು ರಾಜಿಮಾಡಿತು. ಪ್ರತಿಫಲಕದ ಜೊತೆಗೆ ಹಿಂದಿನ ಮಡ್‌ಗಾರ್ಡಿನ ಮೇಲೆ 12 ಚದರ ಅಂಗುಲದಷ್ಟು ಬಿಳಿಯ ಮೈಯೂ ಇರಬೇಕೆಂದು 1934ರಲ್ಲಿ ವಿಧಿಯಾಯಿತು. ಯುದ್ಧಕಾಲದ ದೀಪನಿಷೇಧದಲ್ಲಿ ಹಿಂದಿನ ದೀಪವು ಕಡ್ಡಾಯವಾಗಿ, 1945ರ ಶಾಸನದಿಂದ ಅದೇ ಸ್ಥಿರಪಟ್ಟಿತು.

ಈ ಪರದೇಶದ ಕಥೆಗೂ ರಬಕವಿಗೂ ಏನು ಸಂಬಂಧವೆಂದು ಕೇಳಬಹುದು. ಭಾರತದ ಕಪ್ಪು ಬಣ್ಣದ ಹಳೆಯ ಮಾದರಿಯ ಸೈಕಲ್ಲನ್ನು ಹಿಂದಿನಿಂದ ನೋಡಿದರೆ ಉತ್ತರವು ದೊರೆಯುವುದು: ಮಡ್‌ಗಾರ್ಡಿನ ತುದಿಗೆ ಬಿಳಿಯ ಬಣ್ಣ, ಅದರ ನಡುವೆ ಕೆಂಪು ಗಾಜು. ರಾಲೆ, ಬಿ.ಎಸ್.ಎ., ಹರ್ಕ್ಯುಲಿಸ್ ಮೊದಲಾದ ಸೈಕಲ್ಲುಗಳು ಆಂಗ್ಲದೇಶದಿಂದ ಬಂದುವು. ಸ್ವಾತಂತ್ರ್ಯಾನಂತರ ಅಸನ್ಸೋಲ್, ಮದರಾಸು, ಸೋನೆಪತ್, ಲೂಧಿಯಾನಗಳ ಕಾರ್ಖಾನೆಗಳು ಅದೇ ರೂಪವನ್ನು ಅನುಸರಿಸಿದುವು. ಆ ಬಿಳಿಯ ಪಟ್ಟಿಯು 1934ರ ಪಾರ್ಲಿಮೆಂಟಿನ ರಾಜಿಯ ಗುರುತು. ಶಾಸನವು ಇಲ್ಲಿಗೆ ಬರಲಿಲ್ಲ, ಅದರ ಬಣ್ಣವು ಬಂದಿತು. ತಾಮ್ರಪಟಗಳ ಮುದ್ರೆಯಲ್ಲಿ ವಂಶವನ್ನು ಹುಡುಕುವ ಸಂಶೋಧಕರಿಗೆ ಇಂತಹ ಕುರುಹುಗಳೂ ಅಲ್ಪವೆನಿಸಲಾಗದು.

ಇಲ್ಲಿಯ ಶಾಸನಗಳಾದರೋ ಬೇರೆ. ಮೋಟಾರು ವಾಹನಗಳ 1939ರ ಕಾಯಿದೆಯೂ 1988ರ ಕಾಯಿದೆಯೂ ಯಂತ್ರಬಲದ ವಾಹನಗಳಿಗೆ ಮಾತ್ರ ಅನ್ವಯಿಸತಕ್ಕವು. ವಿಲೀನದ ಅನಂತರ ಬಂದ 1951ರ ಮುಂಬಯಿ ಪೋಲೀಸು ಕಾಯಿದೆಯು ವಾಹನಗಳ ದೀಪಗಳ ಸಂಖ್ಯೆ, ಸ್ಥಾನ, ಹೊತ್ತಿಸುವ ವೇಳೆಗಳನ್ನು ಗೊತ್ತುಮಾಡುವ ಅಧಿಕಾರವನ್ನು ಪೋಲೀಸು ಅಧಿಕಾರಿಗಳಿಗೆ ಕೊಟ್ಟಿತು. ದೀಪವಿಲ್ಲದ ಸೈಕಲ್ಲನ್ನು ಹಿಡಿದು ದಂಡ ಹಾಕುವುದು, ಇಲ್ಲವೆ ಚಕ್ರದ ಗಾಳಿಯನ್ನು ಬಿಡುವುದು, ಕನ್ನಡನಾಡಿನ ಪೇಟೆಗಳಲ್ಲಿ ಒಂದು ತಲೆಮಾರಿನವರೆಗೂ ನಡೆದ ಸಂಗತಿ. ಹಿಡಿದುದು ಮುಂದಿನ ದೀಪಕ್ಕಾಗಿಯೇ. ಹಿಂದಿನದನ್ನು ಕೇಳಿದವರು ವಿರಳ.

ರಬಕವಿ-ಬನಹಟ್ಟಿಗಳು ನೇಕಾರರ ಊರುಗಳು. ಹಿಂದೆ ಕೈಮಗ್ಗದ ಮೇಲೆ, ಬಳಿಕ ವಿದ್ಯುನ್ಮಗ್ಗದ ಮೇಲೆ ಸೀರೆಗಳನ್ನು ನೇಯ್ದವರಿಗೆ ಇರುಳ ದುಡಿಮೆಯು ಹೊಸತಲ್ಲ. ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಸೈಕಲ್ ತುಳಿಯುವುದೂ ಹೊಸತಲ್ಲ. ಅದೇ ದಾರಿಯಲ್ಲಿ ಚಳಿಗಾಲದ ತಿಂಗಳುಗಳಲ್ಲೆಲ್ಲ ಕಬ್ಬಿನ ಗಾಡಿಗಳು ಸಮೀರವಾಡಿ ಮೊದಲಾದ ಸಕ್ಕರೆ ಕಾರ್ಖಾನೆಗಳಿಗೆ ಹರಿಯುತ್ತವೆ. ಚಕ್ಕಡಿಯ ಸ್ಥಾನಕ್ಕೆ ಟ್ರಾಕ್ಟರು ಬಂದಿತು. ಅಚ್ಚಿನ ಕೆಳಗಿನ ಕಂದೀಲು ಹೋಯಿತು. ಹಿಂದಿನ ದೀಪವಿಲ್ಲದೆ ದಾರಿಯ ಮಗ್ಗುಲಲ್ಲಿ ನಿಂತ ಕಬ್ಬಿನ ಟ್ರೇಲರು ಇರುಳಿನಲ್ಲಿ ಗೋಡೆಯಿದ್ದಂತೆ. ಅಲ್ಲಿ ಸೈಕಲ್ಲಿನವನು ಕಾಣದವನೂ ಹೌದು, ಕಾಣಲಾರದವನೂ ಹೌದು.

ಇತ್ತೀಚಿನ ಪರಿಶೋಧನೆಗಳು ಹಳೆಯ ವಿವಾದಕ್ಕೆ ಹೊಸ ಬೆಳಕನ್ನು ಕೊಟ್ಟಿವೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ನಡೆದ ಪ್ರಯೋಗಗಳ ಪ್ರಕಾರ ಸವಾರರು ತಾವು ಇತರರಿಗೆ ಕಾಣುವ ದೂರವನ್ನು ವಾಸ್ತವಕ್ಕಿಂತ ಹೆಚ್ಚೆಂದು ಎಣಿಸುವರು. ಹಗಲಿನಲ್ಲಿ ಕಣ್ಣು ಕುಕ್ಕುವ ಹಳದಿಯ ಅಂಗಿಯು ಸೂರ್ಯನ ಅತಿನೇರಿಳೆ ಕಿರಣಗಳಿಂದ ಹೊಳೆಯುವುದಾದ್ದರಿಂದ ಇರುಳಿನಲ್ಲಿ ಅದರ ಉಪಯೋಗವು ಸ್ವಲ್ಪವೇ. ಬಂದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಪಟ್ಟಿಯನ್ನು ಮೊಣಕಾಲಿಗೂ ಹರಡಿಗೂ ಕಟ್ಟಿದಾಗ ಮಾತ್ರ, ಮೇಲಕ್ಕೂ ಕೆಳಕ್ಕೂ ಆಡುವ ಆ ಚಲನೆಯಿಂದ ಮೋಟಾರಿನವನು ದೂರದಿಂದಲೇ ಇದು ಮನುಷ್ಯನೆಂದು ಗುರುತಿಸುವನು. ಕಂಬಕ್ಕೂ ಮನುಷ್ಯನಿಗೂ ಇರುವ ಭೇದವನ್ನು ತಿಳಿಸುವುದು ಹೊಳಪಲ್ಲ, ಚಲನೆ. ಪೆಡಲುಗಳ ಅಂಚಿನಲ್ಲಿರುವ ಹಳದಿಯ ಪ್ರತಿಫಲಕಗಳು ಈ ಕೆಲಸವನ್ನು ಒಂದಿಷ್ಟು ಮಾಡುತ್ತವೆ. ಬೈಸಿಕಲ್ಲಿನ ಪ್ರತಿಫಲಕಗಳಿಗೆ ಗುಣಮಟ್ಟವನ್ನು ಗೊತ್ತುಮಾಡಿ ಭಾರತ ಸರ್ಕಾರವು 2020ರಲ್ಲಿ ಆಜ್ಞೆಯನ್ನು ಹೊರಡಿಸಿತು. ಅದು ಹೊಸದಾಗಿ ತಯಾರಾಗುವ ಸರಕಿಗೆ ಸಂಬಂಧಿಸಿದುದು. ಮಗ್ಗದ ಓಣಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ಓಡುತ್ತ, ಪೆಡಲಿನ ರಬ್ಬರು ಸವೆದು ಕಬ್ಬಿಣದ ಕಡ್ಡಿ ಮಾತ್ರ ಉಳಿದಿರುವ ಸೈಕಲ್ಲುಗಳನ್ನು ಅದು ಮುಟ್ಟುವುದಿಲ್ಲ.