ಗೋಕರ್ಣ: ಕಡಲು, ಹಳೆಯ ಬೀದಿ, ಕನ್ನಡದ ಬರೆಹ – ಶಾಲಾ ಕುಟುಂಬಗಳಿಗೆ ಪ್ರವಾಸ ಮಾಹಿತಿ

ಸಿ. ಬೆಳಗಲ್ ಮಂಡಲದ ಗುಂಡ್ರೇವುಲ ಗ್ರಾಮದ ಬಳಿ ಹರಿಯುವ ತುಂಗಭದ್ರೆಯು ಪಶ್ಚಿಮ ಘಟ್ಟಗಳಲ್ಲಿ ಹುಟ್ಟಿದರೂ ಅರಬ್ಬಿ ಸಮುದ್ರದ ಕಡೆಗೆ ತಿರುಗದೆ, ಪೂರ್ವಕ್ಕೆ ಹರಿದು, ಕೃಷ್ಣೆಯೊಡಗೂಡಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ನಮ್ಮ ಮಕ್ಕಳಿಗೆ ನದಿಯು ಚಿರಪರಿಚಿತ. ಕಡಲು, ಅಳಿವೆ, ಉಬ್ಬರ, ಇಳಿತ ಎಂಬ ಪದಗಳು ಮಾತ್ರ ಪಾಠಪುಸ್ತಕದಲ್ಲೇ ಉಳಿದಿವೆ. ಅವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬಯಸುವ ಪೋಷಕರಿಗಾಗಿ ಗೋಕರ್ಣದ ಪರಿಚಯವನ್ನು ಇಲ್ಲಿ ನೀಡುತ್ತಿದ್ದೇವೆ.

ಸ್ಥಳ ಮತ್ತು ಇತಿಹಾಸ

ಗೋಕರ್ಣವು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿದೆ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ ನದಿಗಳು ಸಮುದ್ರವನ್ನು ಸೇರುತ್ತವೆ. ಕಾಳಿದಾಸನ ‘ರಘುವಂಶ’ದಲ್ಲಿಯೂ ಈ ಕ್ಷೇತ್ರದ ಉಲ್ಲೇಖವಿದೆ.

ಈ ಊರಿನ ಆಡಳಿತ ಚರಿತ್ರೆಯು ನಮ್ಮ ಭಾಗದವರಿಗೆ ಅಪರಿಚಿತವೆನಿಸದು. ಈ ಪ್ರದೇಶವು 1862ರವರೆಗೆ ಆದೋನಿಯಂತೆಯೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಬಳಿಕ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು; 1956ರ ನವೆಂಬರ್ 1ರಂದು ಗೋಕರ್ಣವು ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ಹೊರಗಿನ ಪ್ರಾಂತ್ಯದ ಆಡಳಿತದಲ್ಲಿದ್ದ ಕಾಲದಲ್ಲಿಯೂ ಅಲ್ಲಿ ಕನ್ನಡದ ಓದು ಬರೆಹ ನಿಲ್ಲಲಿಲ್ಲ.

ಹಳೆಯ ಪೇಟೆ

ಊರಿನ ಹಳೆಯ ಭಾಗವು ರಥಬೀದಿಯ ಸುತ್ತ ಬೆಳೆದಿದೆ. ಮಹಾಬಲೇಶ್ವರ ದೇವಾಲಯ, ಮಹಾಗಣಪತಿ ದೇವಾಲಯ, ಕೋಟಿತೀರ್ಥವೆಂಬ ಪುಷ್ಕರಿಣಿ, ಜಗಲಿಯುಳ್ಳ ಹೆಂಚಿನ ಮನೆಗಳು – ಇವೆಲ್ಲವನ್ನೂ ಕಾಲ್ನಡಿಗೆಯಲ್ಲೇ ನೋಡಬಹುದು. ರಾವಣನು ತಂದ ಆತ್ಮಲಿಂಗವನ್ನು ವಟುವೇಷದ ಗಣಪತಿಯು ನೆಲಕ್ಕಿರಿಸಿದ ಕಥೆಯನ್ನು ಮಕ್ಕಳಿಗೆ ಮೊದಲೇ ಹೇಳಿಟ್ಟರೆ ದರ್ಶನಕ್ಕೆ ಅರ್ಥ ಬರುತ್ತದೆ. ಮಹಾಶಿವರಾತ್ರಿಯ ರಥೋತ್ಸವದ ದಿನಗಳಲ್ಲಿ ಜನಸಂದಣಿ ಹೆಚ್ಚು. ಚಿಕ್ಕ ಮಕ್ಕಳಿರುವವರು ಬೇರೆ ದಿನಗಳನ್ನು ಆರಿಸಿಕೊಳ್ಳುವುದು ಲೇಸು.

ಮನೆಮಾತು ಮತ್ತು ಶಾಲೆಯ ಮಾತು

ಈ ಭಾಗದಲ್ಲಿ ಕೊಂಕಣಿ, ಹವ್ಯಕ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಗೋಕರ್ಣದಲ್ಲಿ ಶಿಕ್ಷಕರಾಗಿದ್ದ ಗೌರೀಶ ಕಾಯ್ಕಿಣಿಯವರು ಕನ್ನಡದ ಹೆಸರಾಂತ ವಿಮರ್ಶಕರು. 1955ರಲ್ಲಿ ಇಲ್ಲಿಯೇ ಜನಿಸಿದ ಅವರ ಪುತ್ರ ಜಯಂತ ಕಾಯ್ಕಿಣಿಯವರ ಮನೆಮಾತು ಕೊಂಕಣಿ. ಕಥೆ, ಕವಿತೆ ಬರೆದುದು ಕನ್ನಡದಲ್ಲಿ. ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಮೀಸಲಾದ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ದೊರೆಯಿತು. ಸಮೀಪದ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ನೆಲೆಸಿ ಕನ್ನಡದ ದೊಡ್ಡ ಕಾದಂಬರಿಕಾರರಾದರು. ಅಂಕೋಲಾದ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿಯದೆಯೇ ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲಿ ಕಾಪಾಡಿ, 2017ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಹಿಂಜರಿಯುವ ಮಕ್ಕಳಿಗೆ ಈ ಹೆಸರುಗಳನ್ನು ತಿಳಿಸಬೇಕೆಂದು ನಾವು ಬಯಸುತ್ತೇವೆ. ನಮ್ಮ ಮಾತಿನ ಧಾಟಿ ಬೇರೆಯೆಂಬುದು ಕೊರತೆಯಲ್ಲ.

ಕಡಲತೀರಗಳು

ದೇವಾಲಯದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಊರಿನ ಮುಖ್ಯ ತೀರವಿದೆ. ಅದರ ದಕ್ಷಿಣಕ್ಕೆ ಕುಡ್ಲೆ, ಓಂಕಾರದ ಆಕಾರದಿಂದ ಹೆಸರಾದ ಓಂ, ಮುಂದೆ ಹಾಫ್ ಮೂನ್, ಪ್ಯಾರಡೈಸ್ ತೀರಗಳಿವೆ. ಕೊನೆಯ ಎರಡಕ್ಕೆ ಗುಡ್ಡದ ಕಾಲುದಾರಿಯಲ್ಲಿ ಅಥವಾ ದೋಣಿಯಲ್ಲಿ ಹೋಗಬೇಕು; ಚಿಕ್ಕ ಮಕ್ಕಳೊಂದಿಗೆ ಅದು ಸೂಕ್ತವಲ್ಲ.

ಎಚ್ಚರಿಕೆ

ನದಿಯಲ್ಲಿ ಈಜಬಲ್ಲವರು ಸಮುದ್ರದಲ್ಲಿಯೂ ಈಜಬಲ್ಲರೆಂಬ ನಂಬಿಕೆ ಅಪಾಯಕಾರಿ. ಹಿಂದಕ್ಕೆ ಸರಿಯುವ ಅಲೆಯು ಕಾಲಡಿಯ ಮರಳನ್ನೇ ಸೆಳೆದೊಯ್ಯುತ್ತದೆ. ಮೊಣಕಾಲು ಮಟ್ಟದ ನೀರಿನಲ್ಲಿಯೂ ಮಕ್ಕಳು ಆಯ ತಪ್ಪಬಹುದು. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ಮೃತಪಟ್ಟರು. ಅವರೂ ನಮ್ಮ ಮಕ್ಕಳಂತೆ ಒಳನಾಡಿನವರು.

ಆದುದರಿಂದ ಜೀವರಕ್ಷಕರಿಲ್ಲದ ತೀರದಲ್ಲಿ ನೀರಿಗಿಳಿಯಬಾರದು. ಕೆಂಪು ಬಾವುಟ ಕಂಡಲ್ಲಿ ದೂರವಿರಬೇಕು. ಸಂಜೆಯಾದ ಬಳಿಕ ಮಕ್ಕಳನ್ನು ಅಲೆಗಳ ಹತ್ತಿರ ಬಿಡಬಾರದು. ಒಬ್ಬೊಬ್ಬ ಹಿರಿಯರು ಇಂತಿಷ್ಟು ಮಕ್ಕಳ ಹೊಣೆ ಹೊರುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಸುತ್ತಮುತ್ತ

ಸಮೀಪದ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುತ್ತಾರೆ. 1930ರ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾವೂ ದೂರವಿಲ್ಲ. ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಉಪ್ಪುನೀರನ್ನು ತಾಳಿಕೊಳ್ಳುವ ‘ಕಗ್ಗ’ ಭತ್ತವನ್ನು ಇಲ್ಲಿನ ಗಜನಿ ಗದ್ದೆಗಳಲ್ಲಿ ಬೆಳೆಯುತ್ತಾರೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಮಿರ್ಜಾನ್ ಕೋಟೆಯನ್ನೂ ನೋಡಬಹುದು.

ದಾರಿ ಮತ್ತು ಕಾಲ

ಆದೋನಿ ಅಥವಾ ಮಂತ್ರಾಲಯಂ ರೋಡ್ ನಿಲ್ದಾಣದಿಂದ ಗುಂತಕಲ್ಲಿಗೆ ಹೋಗಿ, ಅಲ್ಲಿಂದ ಬಳ್ಳಾರಿ, ಹೊಸಪೇಟೆ, ಗದಗ ಮಾರ್ಗವಾಗಿ ಹುಬ್ಬಳ್ಳಿಯನ್ನು ರೈಲಿನಲ್ಲಿ ತಲುಪಬಹುದು. ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಬಸ್ಸಿನಲ್ಲಿ ಘಟ್ಟ ಇಳಿಯಬೇಕು. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಗ್ರವಾಗಿರುವುದಲ್ಲದೆ ಗುಡ್ಡ ಕುಸಿತದ ಭಯವೂ ಇದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾಯಿತು. ದಸರಾ ರಜೆಯಲ್ಲಿ ಹೊರಡುವವರು ಮಳೆಯ ಮುನ್ಸೂಚನೆಯನ್ನು ನೋಡಿಕೊಂಡು, ಸಂಕ್ರಾಂತಿ ರಜೆಯಲ್ಲಿ ಹೊರಡುವವರು ವಸತಿಯನ್ನು ಮುಂಗಡವಾಗಿ ಕಾದಿರಿಸಿಕೊಂಡು ಹೋಗಬೇಕು.

ಹುಬ್ಬಳ್ಳಿಯಿಂದಾಚೆಗೆ ಬಸ್ಸಿನ ಫಲಕಗಳನ್ನು ಓದಿ ದಾರಿ ಹೇಳುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ.