ಘಟಪ್ರಭೆಯ ನೆರೆ ಮತ್ತು ಕಣ್ಣಾಡಿಸುವ ಚಿಕಿತ್ಸೆ

2019ರ ಆಗಸ್ಟ್ ಅಂದ್ರೆ ನಮ್ಮ ಕಡೆ ‘ಹೊಳಿ ಬಂದ ವರ್ಷ’. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯದ ನೀರೂ ಸೇರಿ ಘಟಪ್ರಭೆ ಉಕ್ಕಿತು. ಗೋಕಾಕದ ಲೋಳಸೂರ ಸೇತುವೆ ಮುಳುಗಿತು, ಊರೊಳಗೆ ನೀರು ನುಗ್ಗಿತು. ಮೂಡಲಗಿಯ ಹೊಳೆದಂಡೆ ಹಳ್ಳಿಗಳದ್ದೂ ಅದೇ ಪಾಡು. 2021ರ ಜುಲೈನಲ್ಲಿ ಮತ್ತೆ ಬಂತು.

ಬಿದ್ದ ಮನೆಗೆ ಪಂಚನಾಮೆ, ಪರಿಹಾರ ಅಂತ ಒಂದು ದಾರಿ ಇದೆ. ರಾತ್ರಿ ಮಳೆ ಸದ್ದಿಗೆ ಎದ್ದು ಕೂರೋ ಮನಸ್ಸಿನ ಪಂಚನಾಮೆ ಯಾರು ಮಾಡ್ತಾರೆ? ಇದನ್ನೇ ಹಿಡಿದು ಓದುತ್ತಾ ಹೋದಾಗ ನನಗೆ ಸಿಕ್ಕಿದ್ದು ಇಎಂಡಿಆರ್ ಚರಿತ್ರೆ.

1987ರಲ್ಲಿ ಅಮೆರಿಕದ ಫ್ರಾನ್ಸಿನ್ ಶಪೀರೋ ಪಾರ್ಕಿನಲ್ಲಿ ನಡೀತಿದ್ದಾಗ ಕಾಡುವ ಯೋಚನೆಗಳು ತಾನಾಗೇ ಸಡಿಲವಾದವಂತೆ. ಆಗ ಕಣ್ಣುಗಳು ಅತ್ತಿತ್ತ ವೇಗವಾಗಿ ಆಡುತ್ತಿದ್ದವಂತೆ. (ನ್ಯೂಟನ್ನನ ಸೇಬಿನ ಕಥೆ ಥರಾನೇ ಕೇಳುತ್ತೆ, ಇರಲಿ.) 1989ರಲ್ಲಿ 22 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು.

ಚಿಕಿತ್ಸಕರು ಬೆರಳನ್ನು ಎಡಕ್ಕೂ ಬಲಕ್ಕೂ ಆಡಿಸ್ತಾರೆ. ನೀವು ಆ ಕೆಟ್ಟ ಗಳಿಗೆಯನ್ನು ಮನಸ್ಸಲ್ಲಿ ಹಿಡಿದುಕೊಂಡೇ ಕಣ್ಣಿಂದ ಬೆರಳನ್ನು ಹಿಂಬಾಲಿಸಬೇಕು. ಯಾಕೆ ಕೆಲಸ ಮಾಡುತ್ತೆ? ನನಗೆ ಹೆಚ್ಚು ಒಪ್ಪಿಗೆಯಾದ ವಿವರಣೆ ಇದು: ಮಿದುಳಿನ ತತ್‌ಕ್ಷಣದ ನೆನಪು ಲ್ಯಾಪ್‌ಟಾಪಿನ ರ‍್ಯಾಮ್ ಇದ್ದಂತೆ, ಜಾಗ ಕಡಿಮೆ. ಬೆರಳು ಅದರಲ್ಲಿ ಒಂದಷ್ಟು ಕಸಿದುಕೊಂಡಾಗ ನೆನಪಿನ ಚಿತ್ರ ಮಸುಕಾಗುತ್ತೆ, ಮಸುಕಾದ ರೂಪದಲ್ಲೇ ಮತ್ತೆ ಉಳಿಯುತ್ತೆ. ಘಟನೆ ಮರೆಯಲ್ಲ. ಅದು ಈಗ ನಡೀತಿಲ್ಲ, ಆಗಿಹೋಗಿದೆ ಅನ್ನೋದು ಮೈಗೂ ತಿಳಿಯುತ್ತೆ.

ಕಣ್ಣಾಡಿಸೋದೇ ಮದ್ದೋ, ನೆನಪನ್ನು ಸುರಕ್ಷಿತವಾಗಿ ಎದುರಿಸೋದು ಮದ್ದೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಆದರೂ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಘಾತೋತ್ತರ ಒತ್ತಡಕ್ಕೆ ಇದನ್ನು ಶಿಫಾರಸು ಮಾಡಿತು.

ನಮಗೆ ಹತ್ತಿರದ ಅಧ್ಯಾಯ ಮೆಕ್ಸಿಕೋದ್ದು. 1997ರಲ್ಲಿ ಪೌಲಿನಾ ಚಂಡಮಾರುತ ಅಕಾಪುಲ್ಕೋವನ್ನು ನೀರು ಕೆಸರಲ್ಲಿ ಮುಳುಗಿಸಿತು. ಬದುಕುಳಿದವರ ಜೊತೆ ಕೆಲಸ ಮಾಡುತ್ತಾ ಲೂಸಿನಾ ಆರ್ಟಿಗಾಸ್ ‘ಚಿಟ್ಟೆ ಅಪ್ಪುಗೆ’ ರೂಪಿಸಿದರು: ಕೈಗಳನ್ನು ಎದೆ ಮೇಲೆ ಅಡ್ಡ ಇಟ್ಟು, ಎಡ ಬಲ ಎಡ ಬಲ ಮೆಲ್ಲಗೆ ತಟ್ಟಿಕೊಳ್ಳೋದು. ಒಬ್ಬ ಚಿಕಿತ್ಸಕ ಇಡೀ ಗುಂಪಿಗೇ ಹೇಳಿಕೊಡಬಹುದು. 2001ರ ಗುಜರಾತ್ ಭೂಕಂಪದ ನಂತರ ಇಎಂಡಿಆರ್ ಭಾರತದಲ್ಲೂ ಬಳಕೆಯಾಯಿತು.

ಶಪೀರೋ ತೀರಿಕೊಂಡಿದ್ದು 2019ರ ಜೂನಿನಲ್ಲಿ. ಎರಡು ತಿಂಗಳೊಳಗೆ ಇಲ್ಲಿ ಶಾಲೆಗಳು ಪರಿಹಾರ ಕೇಂದ್ರಗಳಾಗಿದ್ದವು. ಇನ್ನೊಂದು ನೆರೆ ಬರೋ ಮೊದಲು ಮೂರೂ ತಾಲ್ಲೂಕುಗಳಿಗೆ ಇದನ್ನು ಕಲಿತ ತಲಾ ಒಬ್ಬರಾದರೂ ಆಪ್ತಸಮಾಲೋಚಕರು ಬೇಕು ಅನ್ನೋದು ನನ್ನ ವಾದ. ಅಲ್ಲೀತನಕ, ಯೂಟ್ಯೂಬಿನ ಓಡಾಡೋ ಚುಕ್ಕೆ ನೋಡಿ ನೀವೇ ಪ್ರಯೋಗ ಮಾಡ್ಕೋಬೇಡಿ. ಊರಲ್ಲಿರೋ ಅಪ್ಪ ಅಮ್ಮನಿಗೆ ಟೆಲಿ ಮಾನಸ್ ನಂಬರ್ 14416 ಕೊಟ್ಟಿಡಿ, ಕನ್ನಡದಲ್ಲೇ ಮಾತಾಡಬಹುದು.