ಬ್ರಹ್ಮಗಿರಿಯ ಬಂಡೆಯಲ್ಲಿ ಗಾಂಧಾರದ ಲಿಪಿ

ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಪೂರ್ವಕ್ಕೆ ಸಾಗಿದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಸಿಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಈ ಎರಡೂ ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು.

ಬ್ರಹ್ಮಗಿರಿಯ ಅಶೋಕ ಶಾಸನವನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಇದರ ಪ್ರತಿಗಳಿವೆ. ಕ್ರಿ.ಪೂ. 3ನೇ ಶತಮಾನದ ಈ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಈ ಆಜ್ಞೆ ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯಗಳನ್ನು ಬೋಧಿಸುತ್ತದೆ.

ಸ್ವಾರಸ್ಯವಿರುವುದು ಕಡೆಯಲ್ಲಿ. ಬರೆದವನು ಚಪಡನೆಂದು ಬ್ರಾಹ್ಮಿಯಲ್ಲೇ ತಿಳಿಸಿ, 'ಲಿಪಿಕಾರ' ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಲಾಗಿದೆ! ಬಲದಿಂದ ಎಡಕ್ಕೆ ಬರೆಯುವ ಈ ಲಿಪಿ ಗಾಂಧಾರದ ಕಡೆಯದು. ಇಂದಿನ ಪಾಕಿಸ್ತಾನದ ಶಹಬಾಜ್‌ಗಢಿ, ಮಾನ್ಸೆಹ್ರಾಗಳ ಅಶೋಕ ಶಾಸನಗಳು ಅದರಲ್ಲಿವೆ. ಚಪಡ ಆ ವಾಯವ್ಯ ಸೀಮೆಯಿಂದ ಬಂದವನು, ಇಲ್ಲವೇ ಅಲ್ಲಿ ಸೇವೆ ಸಲ್ಲಿಸಿದವನು ಎಂಬುದು ವಿದ್ವಾಂಸರ ಊಹೆ. ಇಸಿಲದಲ್ಲಿ ಖರೋಷ್ಠಿ ಓದಬಲ್ಲವರು ಎಷ್ಟು ಮಂದಿ ಇದ್ದಾರು? ತನಗೆ ಎರಡು ಲಿಪಿ ಬರುತ್ತದೆಂಬ ಹೆಮ್ಮೆಯೇ ಇದ್ದೀತು.

ಬ್ರಹ್ಮಗಿರಿಯಲ್ಲಿ ಚಕ್ರವರ್ತಿ ಕೇವಲ 'ದೇವಾನಾಂಪ್ರಿಯ'. ಅಶೋಕನೆಂಬ ಅವನ ಹೆಸರುಳ್ಳ ಶಾಸನ ದೊರೆತದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ. ಅವನ ಬರವಣಿಗೆಯವನ ಹೆಸರು ಅದಕ್ಕೂ ಮೊದಲೇ ವಿದ್ವಾಂಸರಿಗೆ ಗೊತ್ತಿತ್ತು.